ಕಾಣದ ಜೀವಿಗಳ ಬೇಸಾಯ
(ಬಾನುಲಿ ಭಾಷಣ)

ರಾತ್ರಿ ಮಲಗುವ ಮುನ್ನ ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕುವುದುಂಟು. ಹಾಲನ್ನು ಮೊದಲು ಚೆನ್ನಾಗಿ ಕಾಯಿಸುತ್ತಾರೆ. ಬಳಿಕ ಬೆರಳು ತಾಳುವಷ್ಟು ಆರಿಸುತ್ತಾರೆ. ಹಿಂದಿನ ದಿನದ ಮೊಸರಿನಿಂದ ಅರ್ಧ ಚಮಚ ತೆಗೆದು ಬೆರೆಸಿ, ಮುಚ್ಚಳ ಮುಚ್ಚಿ, ಚಳಿಗಾಲವಾದರೆ ಒಲೆಯ ಮಗ್ಗುಲಲ್ಲಿ ಇಡುತ್ತಾರೆ. ಮೊಸರು ಲೋಳೆಯಾಯಿತೆಂದರೆ ಪಾತ್ರೆಯನ್ನು ಕುದಿಯುವ ನೀರಿನಲ್ಲಿ ತೊಳೆದು, ನೆರೆಮನೆಯಿಂದ ಹೊಸ ಹೆಪ್ಪು ತರುತ್ತಾರೆ. ಸೂಕ್ಷ್ಮಜೀವಿ ಶಾಸ್ತ್ರವನ್ನು ಕಲಿಸುವ ಕೆಲಸದಲ್ಲಿದ್ದ ನಾನು ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನ ಇದನ್ನೇ ಹೇಳುತ್ತಿದ್ದೆ. ಬೇಡದ ಜೀವಿಗಳನ್ನು ಬಿಸಿಯಿಂದ ಕೊಲ್ಲುವುದು, ಬೇಕಾದ ಜೀವಿಯನ್ನು ಬಿತ್ತುವುದು, ಅದಕ್ಕೆ ಹಿತವಾದ ಶಾಖದಲ್ಲಿ ಇಟ್ಟು ಕಾಯುವುದು, ತಳಿ ಕೆಟ್ಟರೆ ಶುದ್ಧ ತಳಿಯನ್ನು ಬೇರೆಡೆಯಿಂದ ತರುವುದು - ಪ್ರಯೋಗಶಾಲೆಯ ವಿದ್ಯೆಯ ಅಂಗಗಳೆಲ್ಲವೂ ನಿಮ್ಮ ತಾಯಂದಿರ ಕೈಯಲ್ಲಿ ಆಗಲೇ ಇವೆ ಎಂದು.

ಆದರೆ ಒಂದು ವ್ಯತ್ಯಾಸವಿದೆ. ಮನೆಗೆ ಬೇಕಾದದ್ದು ಮೊಸರು. ಆ ಹೆಪ್ಪಿನಲ್ಲಿ ಎಷ್ಟು ಬಗೆಯ ಜೀವಿಗಳಿವೆ, ಅವುಗಳಲ್ಲಿ ಹಾಲನ್ನು ಹುಳಿ ಮಾಡಿದ್ದು ಯಾವುದು, ಪರಿಮಳ ಕೊಟ್ಟದ್ದು ಯಾವುದು ಎಂಬ ಪ್ರಶ್ನೆ ಗೃಹಿಣಿಗೆ ಬೇಕಿಲ್ಲ. ಪ್ರಯೋಗಶಾಲೆಗೆ ಅದೊಂದೇ ಪ್ರಶ್ನೆ ಬೇಕು: ಮಾಡಿದವರು ಯಾರು? ಜ್ವರದಿಂದ ನರಳುವ ರೋಗಿಯ ರಕ್ತದಲ್ಲಿ, ಊರಿಗೆಲ್ಲ ಭೇದಿ ಹರಡಿದ ಬಾವಿಯ ನೀರಿನಲ್ಲಿ, ಮಾಯದ ಗಾಯದ ಕೀವಿನಲ್ಲಿ ನೂರಾರು ಜೀವಿಗಳ ನಡುವೆ ನಿಜವಾದ ಕರ್ತೃ ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುವ ಬೇಸಾಯದ ಬಗ್ಗೆ, ಅದರ ಶಕ್ತಿಯ ಬಗ್ಗೆ, ಅದಕ್ಕಿಂತಲೂ ಹೆಚ್ಚಾಗಿ ಅದರ ಮಿತಿಯ ಬಗ್ಗೆ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಕಾಣದ ಜೀವಿಗಳನ್ನು ಮೊದಲು ಕಂಡವನು ವಿದ್ವಾಂಸನಲ್ಲ, ಬಟ್ಟೆಯ ವ್ಯಾಪಾರಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಆಂಟೊನಿ ವಾನ್ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಪುಟ್ಟ ಮಸೂರಗಳಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಕರಿಮೆಣಸು ಏಕೆ ಖಾರವಾಗಿರುತ್ತದೆ ಎಂಬ ಕುತೂಹಲದಿಂದ ಅದನ್ನು ನೀರಿನಲ್ಲಿ ನೆನೆಹಾಕಿ, ಕೆಲವು ವಾರ ಬಿಟ್ಟು ನೋಡಿದರೆ, ಖಾರದ ಗುಟ್ಟು ತಿಳಿಯಲಿಲ್ಲ. ಬದಲಿಗೆ ಆ ನೀರಿನ ತುಂಬ ಓಡಾಡುವ ಕಿರುಜೀವಿಗಳು ಕಂಡವು. ೧೬೭೬ರಲ್ಲಿ ಅವನು ಲಂಡನ್ನಿನ ರಾಯಲ್ ಸೊಸೈಟಿಗೆ ಈ ವಿಷಯವನ್ನು ಬರೆದು ತಿಳಿಸಿದ. ನೋಡುವುದೇನೋ ಆಯಿತು. ಆದರೆ ಜಾತ್ರೆಯನ್ನು ಗುಡ್ಡದ ಮೇಲಿನಿಂದ ನೋಡಿದವನಿಗೆ ಜನ ಕಾಣುತ್ತಾರೆಯೇ ಹೊರತು ಯಾರ ಹೆಸರೂ ಊರೂ ತಿಳಿಯುವುದಿಲ್ಲ. ಮುಂದಿನ ಇನ್ನೂರು ವರ್ಷ ಸೂಕ್ಷ್ಮಜೀವಿಗಳ ವಿಷಯದಲ್ಲಿ ಮನುಷ್ಯನ ಸ್ಥಿತಿ ಹೆಚ್ಚುಕಡಿಮೆ ಹೀಗೆಯೇ ಇತ್ತು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಮಾಂಸದ ಸಾರು, ಯೀಸ್ಟಿನ ಕಷಾಯ ಮುಂತಾದ ದ್ರವಗಳಲ್ಲಿ ಈ ಜೀವಿಗಳನ್ನು ಬೆಳೆಸಿದ. ದ್ರವದಲ್ಲಿ ಒಂದು ತೊಡಕಿದೆ. ಅಲ್ಲಿ ಎಲ್ಲವೂ ಎಲ್ಲದರೊಡನೆ ಬೆರೆಯುತ್ತದೆ. ಸಾರು ಕದಡಿತೆಂದರೆ ಯಾರೋ ಬೆಳೆದಿದ್ದಾರೆ ಎಂದಷ್ಟೇ ಅರ್ಥ. ಒಬ್ಬನೋ ಹತ್ತು ಜನವೋ ತಿಳಿಯದು. ಇಂಗ್ಲೆಂಡಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ೧೮೭೮ರಲ್ಲಿ ಇದಕ್ಕೊಂದು ಉಪಾಯ ಹೂಡಿದ. ಹುಳಿತ ಹಾಲನ್ನು ಮತ್ತೆ ಮತ್ತೆ ನೀರಿನಲ್ಲಿ ತೆಳುಮಾಡಿ, ಒಂದು ಹನಿಯಲ್ಲಿ ಸರಾಸರಿ ಒಂದೇ ಜೀವಿ ಉಳಿಯುವಂತೆ ಲೆಕ್ಕಹಾಕಿ, ಆ ಹನಿಯನ್ನು ಶುದ್ಧ ಹಾಲಿಗೆ ಬಿಟ್ಟ. ಹಾಲನ್ನು ಒಡೆಸುವ ಬ್ಯಾಕ್ಟೀರಿಯ ಹೀಗೆ ಮೊದಲ ಬಾರಿಗೆ ಒಂಟಿಯಾಗಿ ಕೈಗೆ ಸಿಕ್ಕಿತು. ನಮ್ಮ ಹೆಪ್ಪಿನ ಬಳಗಕ್ಕೆ ಸೇರಿದ ಜೀವಿಯೊಂದು ವಿಜ್ಞಾನದ ಮೊದಲ ಶುದ್ಧ ಬೆಳೆಗಳಲ್ಲಿ ಒಂದಾದದ್ದು ನನಗೆ ಬಹಳ ಪ್ರಿಯವಾದ ಸಂಗತಿ. ಆದರೆ ಈ ಉಪಾಯ ಶ್ರಮದ್ದು, ಅದೃಷ್ಟವನ್ನು ನೆಚ್ಚಿದ್ದು. ತುಂಬ ಹೆಚ್ಚಿನ ಸಂಖ್ಯೆಯಲ್ಲಿರುವ ಜೀವಿಗೆ ಮಾತ್ರ ಸಲ್ಲುವಂಥದ್ದು.

ನಿಜವಾದ ದಾರಿಯನ್ನು ತೋರಿಸಿದವನು ಜರ್ಮನಿಯ ರಾಬರ್ಟ್ ಕಾಕ್. ಹಳ್ಳಿಗಾಡಿನ ಸರ್ಕಾರಿ ವೈದ್ಯನಾಗಿದ್ದಾಗಲೇ, ೧೮೭೬ರಲ್ಲಿ, ದನಗಳ ನೆರಡಿ ರೋಗದ ದಂಡಾಣುವನ್ನು ಎತ್ತಿನ ಕಣ್ಣಿನೊಳಗಿನ ದ್ರವದಲ್ಲಿ ಬೆಳೆಸಿ ಹೆಸರಾಗಿದ್ದವನು. ಬರ್ಲಿನ್ನಿಗೆ ಬಂದ ಮೇಲೆ ಅವನ ಗಮನ ಸೆಳೆದದ್ದು ಬೇಯಿಸಿದ ಆಲೂಗಡ್ಡೆಯ ಹೋಳು. ಗಾಳಿಗೆ ತೆರೆದಿಟ್ಟ ಹೋಳಿನ ಮೇಲೆ ಒಂದೆರಡು ದಿನದಲ್ಲಿ ಚಿಕ್ಕ ಚಿಕ್ಕ ಚುಕ್ಕೆಗಳು ಏಳುತ್ತವೆ: ಒಂದು ಹಳದಿ, ಒಂದು ಕೆಂಪು, ಒಂದು ಬೂದು. ಹಳಸಿದ ಆಲೂಗಡ್ಡೆಯನ್ನು ನೋಡಿದ ಬೇರೆಯವರೂ ಇದ್ದರು. ಬಣ್ಣದ ಚುಕ್ಕೆಗಳನ್ನು ಅಭ್ಯಾಸ ಮಾಡಿದವರೂ ಇದ್ದರು. ಕಾಕ್ ಅದರಲ್ಲಿ ಒಂದು ಸಾಮಾನ್ಯ ತತ್ತ್ವವನ್ನೇ ಕಂಡ. ಪ್ರತಿಯೊಂದು ಚುಕ್ಕೆಯನ್ನೂ ಸೂಕ್ಷ್ಮದರ್ಶಕದಲ್ಲಿಟ್ಟರೆ ಅದರೊಳಗೆ ಇರುವುದು ಒಂದೇ ಬಗೆಯ ಜೀವಿ. ಏಕೆ? ಗಾಳಿಯಿಂದ ಬಿದ್ದ ಒಂದು ಜೀವಿ ಗಟ್ಟಿಯಾದ ನೆಲದ ಮೇಲೆ ಬಿದ್ದುದರಿಂದ ಬಿದ್ದಲ್ಲೇ ನಿಂತಿತು, ನಿಂತಲ್ಲೇ ಸಂಸಾರ ಹೂಡಿತು. ದ್ರವದಲ್ಲಾದರೆ ಅದರ ಮಕ್ಕಳೂ ನೆರೆಯವರ ಮಕ್ಕಳೂ ಕಲಸಿಹೋಗುತ್ತಿದ್ದವು. ಬೇಕಾದದ್ದು ಗಟ್ಟಿನೆಲ, ಇಷ್ಟೇ.

ಈ ಗಟ್ಟಿನೆಲ ಆಲೂಗಡ್ಡೆಯೇ ಆಗಿದ್ದರೆ ಸಾಲದು. ಎಲ್ಲ ಜೀವಿಗಳಿಗೂ ಆಲೂಗಡ್ಡೆ ರುಚಿಸುವುದಿಲ್ಲ. ಆದ್ದರಿಂದ ಕಾಕ್ ಮಾಂಸದ ಸಾರಿಗೇ ಜೆಲಟಿನ್ ಬೆರೆಸಿ ಗಾಜಿನ ಫಲಕದ ಮೇಲೆ ಹೆಪ್ಪುಗಟ್ಟಿಸಿದ. ೧೮೮೧ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನದಲ್ಲಿ ಇದನ್ನು ಮಾಡಿ ತೋರಿಸಿದಾಗ ನೋಡಿದವರಲ್ಲಿ ಪಾಶ್ಚರನೂ ಇದ್ದ. ಫ್ರಾನ್ಸ್ ಮತ್ತು ಜರ್ಮನಿ ಯುದ್ಧ ಮಾಡಿ ಹತ್ತು ವರ್ಷವಷ್ಟೇ ಆಗಿತ್ತು. ಇಬ್ಬರ ನಡುವೆ ಸ್ನೇಹವೇನೂ ಇರಲಿಲ್ಲ. ಆದರೂ ಇದು ದೊಡ್ಡ ಮುನ್ನಡೆಯೆಂದು ಪಾಶ್ಚರ್ ಒಪ್ಪಿಕೊಂಡ.

ಜೆಲಟಿನ್ನಿಗೂ ಒಂದು ದೋಷವಿತ್ತು. ಬೇಸಿಗೆಯ ಸೆಕೆಗೆ ಅದು ಕರಗಿ ನೀರಾಗುತ್ತಿತ್ತು. ಮನುಷ್ಯನ ಮೈಯಲ್ಲಿ ರೋಗ ಹರಡುವ ಜೀವಿಗೆ ಮೈಯ ಶಾಖವೇ, ಎಂದರೆ ೩೭ ಡಿಗ್ರಿ ಸೆಲ್ಸಿಯಸ್, ಬೇಕು. ಆ ಶಾಖದಲ್ಲಿ ಜೆಲಟಿನ್ ನಿಲ್ಲುವುದೇ ಇಲ್ಲ. ಮೇಲಾಗಿ ಕೆಲವು ಜೀವಿಗಳು ಜೆಲಟಿನ್ನನ್ನೇ ತಿಂದು ಕರಗಿಸುತ್ತವೆ. ಕಾಕನ ಪ್ರಯೋಗಶಾಲೆಯಲ್ಲಿ ಗಾಳಿಯೊಳಗಿನ ಜೀವಿಗಳನ್ನು ಎಣಿಸುತ್ತಿದ್ದ ವಾಲ್ಟರ್ ಹೆಸ್ಸೆ ಎಂಬ ವೈದ್ಯನಿಗೆ ಇದೇ ಕಾಟ. ಪರಿಹಾರ ಬಂದದ್ದು ಅಡಿಗೆಮನೆಯಿಂದ. ಅವನ ಪತ್ನಿ ಫ್ಯಾನಿ ಹೆಸ್ಸೆ ಅಮೆರಿಕದಲ್ಲಿ ಹುಟ್ಟಿ ಬೆಳೆದವಳು. ಆಕೆ ಹಣ್ಣಿನ ಜೆಲ್ಲಿಗೂ ಸಿಹಿ ತಿನಿಸುಗಳಿಗೂ ಅಗರ್ ಅಗರ್ ಎಂಬ ವಸ್ತುವನ್ನು ಬಳಸುತ್ತಿದ್ದಳು; ಅದನ್ನು ಕಲಿತದ್ದು ಜಾವಾ ದ್ವೀಪದಲ್ಲಿದ್ದು ಬಂದ ಡಚ್ ನೆರೆಯವರಿಂದ. ನಿನ್ನ ಜೆಲ್ಲಿ ಸೆಕೆಯಲ್ಲೂ ಏಕೆ ಕರಗುವುದಿಲ್ಲ ಎಂದು ಗಂಡ ಕೇಳಿದ. ಹೆಂಡತಿ ಗುಟ್ಟು ಹೇಳಿದಳು.

ಅಗರ್ ಸಮುದ್ರದ ಪಾಚಿಯಿಂದ ತೆಗೆಯುವ ಅಂಟು. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಮಾರುವುದು ಇದನ್ನೇ. ಅದರ ಸ್ವಭಾವ ವಿಚಿತ್ರ: ಕರಗಬೇಕಾದರೆ ಕುದಿಯುವ ಹದಕ್ಕೆ ಹತ್ತಿರ ಬರಬೇಕು; ಮತ್ತೆ ಗಟ್ಟಿಯಾಗಬೇಕಾದರೆ ೪೦ ಡಿಗ್ರಿಯ ಆಸುಪಾಸಿಗೆ ಇಳಿಯಬೇಕು. ಒಮ್ಮೆ ಗಟ್ಟಿಯಾದ ಮೇಲೆ ೩೭ ಡಿಗ್ರಿಯಲ್ಲಿ ವಾರಗಟ್ಟಲೆ ಇಟ್ಟರೂ ಅಲುಗುವುದಿಲ್ಲ. ಕನ್ನಡಿಯಂತೆ ತಿಳಿಯಾಗಿರುತ್ತದೆ, ಅದನ್ನು ತಿನ್ನಬಲ್ಲ ಬ್ಯಾಕ್ಟೀರಿಯಗಳು ಬಹು ವಿರಳ. ಬೇಸಾಯಕ್ಕೆ ಇದಕ್ಕಿಂತ ಒಳ್ಳೆಯ ನೆಲ ಇಂದಿಗೂ ದೊರೆತಿಲ್ಲ. ೧೮೮೨ರ ಲೇಖನದಲ್ಲಿ ಕಾಕ್ ಅಗರನ್ನು ಹೆಸರಿಸಿದ; ಫ್ಯಾನಿ ಹೆಸ್ಸೆಯನ್ನು ಹೆಸರಿಸಲಿಲ್ಲ. ಆ ದಂಪತಿಗಳು ಇದರಿಂದ ಹಣವನ್ನೂ ಮಾಡಲಿಲ್ಲ, ಕೀರ್ತಿಯನ್ನೂ ಬೇಡಲಿಲ್ಲ. ಕಾಕನ ಸಹಾಯಕ ರಿಚರ್ಡ್ ಪೆಟ್ರಿ ೧೮೮೭ರಲ್ಲಿ ಒಂದರ ಮೇಲೊಂದು ಕೂರುವ ಎರಡು ಗಾಜಿನ ತಟ್ಟೆಗಳನ್ನು ವಿವರಿಸಿದ. ಅವನ ಹೆಸರು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ದಿನವೂ ಉಚ್ಚಾರವಾಗುತ್ತಿದೆ. ತಟ್ಟೆಗೆ ಹೆಸರಿದೆ, ತಟ್ಟೆಯಲ್ಲಿ ಬಡಿಸಿದ್ದಕ್ಕೆ ಬಡಿಸಿದವಳ ಹೆಸರಿಲ್ಲ. ಅಡಿಗೆಮನೆಯ ವಿದ್ಯೆಗೆ ಲೋಕದಲ್ಲಿ ಹೀಗಾಗುವುದು ಹೊಸದೇನೂ ಅಲ್ಲ.

ಇನ್ನು ಈ ನೆಲದಲ್ಲಿ ಬಿತ್ತುವ ಬಗೆಯನ್ನು ಹೇಳುತ್ತೇನೆ. ಕೆಲಸಗಾರನ ಕೈಯಲ್ಲಿ ಒಂದು ತಂತಿ. ತುದಿಯಲ್ಲಿ ಸೂಜಿಯ ಕಣ್ಣಿಗಿಂತ ಕೊಂಚ ದೊಡ್ಡದಾದ ಕುಣಿಕೆ. ಅದನ್ನು ಉರಿಯಲ್ಲಿ ಹಿಡಿದು ಕೆಂಪಗೆ ಕಾಯಿಸಿ, ಆರಿಸಿ, ರೋಗಿಯಿಂದ ತಂದ ಮಾದರಿಯಲ್ಲಿ ಅದ್ದಿ, ತಟ್ಟೆಯ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಗೆರೆ ಎಳೆಯುತ್ತಾನೆ. ತಂತಿಯನ್ನು ಮತ್ತೆ ಸುಟ್ಟು, ಆ ಗೆರೆಗಳ ಅಂಚನ್ನು ಮಾತ್ರ ತಾಗಿಸಿ, ಪಕ್ಕಕ್ಕೆ ಬೇರೆ ಗೆರೆಗಳನ್ನು ಎಳೆಯುತ್ತಾನೆ. ಮೂರನೆಯ ಬಾರಿ, ನಾಲ್ಕನೆಯ ಬಾರಿ ಹೀಗೆಯೇ. ಪ್ರತಿ ಬಾರಿಯೂ ಬೀಜ ವಿರಳವಾಗುತ್ತ ಹೋಗುತ್ತದೆ. ಕೊನೆಯ ಗೆರೆಗಳಲ್ಲಿ ಜೀವಿಗಳು ಒಂದೊಂದಾಗಿ, ಪರಸ್ಪರ ದೂರವಾಗಿ ಉದುರುತ್ತವೆ. ತಟ್ಟೆಯನ್ನು ಮಗುಚಿ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಮುಚ್ಚಿದರೆ ಆ ದಿನದ ಕೆಲಸ ಮುಗಿಯಿತು.

ಮುಂದಿನದು ಜೀವಿಯ ಕೆಲಸ. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯ ಅನುಕೂಲ ಸ್ಥಿತಿಯಲ್ಲಿ ೨೦ ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಏಳು ಗಂಟೆಗಳಲ್ಲಿ ಒಂದೇ ಜೀವಿಯ ಸಂತತಿ ೨೦ ಲಕ್ಷವನ್ನು ಮೀರುತ್ತದೆ. ಬೆಳಗ್ಗೆ ತಟ್ಟೆ ತೆರೆದರೆ ಕಾಣದಿದ್ದ ಜೀವಿ ಬರಿಗಣ್ಣಿಗೆ ಕಾಣುವ ಚುಕ್ಕೆಯಾಗಿ ನಿಂತಿರುತ್ತದೆ. ಚುಕ್ಕೆಗಳಲ್ಲಿ ಎಷ್ಟು ಬಗೆ! ಚರ್ಮದ ಕೀವುಗಳಿಗೆ ಕಾರಣವಾಗುವ ಒಂದು ಜೀವಿ ಹೊಂಬಣ್ಣದ ಬೆಣ್ಣೆಯ ಮುದ್ದೆಯಂತೆ ಏಳುತ್ತದೆ. ಸುಟ್ಟ ಗಾಯಗಳನ್ನು ಮುತ್ತುವ ಇನ್ನೊಂದು ಇಡೀ ತಟ್ಟೆಗೆ ನೀಲಿ ಹಸಿರು ಬಣ್ಣವನ್ನು ಬಳಿದು, ದ್ರಾಕ್ಷಿಯ ವಾಸನೆಯನ್ನು ಬಿಡುತ್ತದೆ. ಮತ್ತೊಂದು ಕೊಳದಲ್ಲಿ ಕಲ್ಲೆಸೆದಾಗ ಏಳುವ ಅಲೆಗಳಂತೆ ಸುತ್ತುಸುತ್ತಾಗಿ ಹರಡಿ ತಟ್ಟೆಯನ್ನೆಲ್ಲ ಆಕ್ರಮಿಸುತ್ತದೆ. ಹಳೆಯ ಕಾಲದ ಕೆಲಸಗಾರರು ಮುಚ್ಚಳ ತೆಗೆದ ಕೂಡಲೇ ಮೂಗಿನಿಂದಲೇ ಹೆಸರು ಹೇಳುತ್ತಿದ್ದರು. ಈಗ ಹಾಗೆ ಮೂಸುವುದನ್ನು ಅಪಾಯವೆಂದು ನಿಲ್ಲಿಸಿದ್ದಾರೆ, ನಿಲ್ಲಿಸಿದ್ದು ಸರಿಯೇ.

ರೂಪ ನೋಡಿ ಹೆಸರಿಡುವುದು ಸಾಲದಾದಾಗ ಪರೀಕ್ಷೆಗಳು ಬರುತ್ತವೆ. ಡೆನ್ಮಾರ್ಕಿನ ಕ್ರಿಶ್ಚಿಯನ್ ಗ್ರಾಮ್ ಎಂಬ ತರುಣ ವೈದ್ಯ ೧೮೮೪ರಲ್ಲಿ ಬರ್ಲಿನ್ನಿನಲ್ಲಿದ್ದಾಗ ಒಂದು ಬಣ್ಣದ ವಿಧಾನವನ್ನು ಪ್ರಕಟಿಸಿದ. ಜೀವಿಗಳಿಗೆ ನೇರಳೆ ಬಣ್ಣ ಹಚ್ಚಿ, ಅಯೊಡಿನ್ ಸುರಿದು, ಮದ್ಯಸಾರದಲ್ಲಿ ತೊಳೆದರೆ ಕೆಲವು ನೇರಳೆಯನ್ನು ಬಿಡುವುದಿಲ್ಲ, ಕೆಲವು ಪೂರ್ತಿ ಬಿಟ್ಟುಕೊಡುತ್ತವೆ. ಬಿಟ್ಟವುಗಳಿಗೆ ಮತ್ತೆ ಕೆಂಪು ಹಚ್ಚಿದರೆ ಬ್ಯಾಕ್ಟೀರಿಯಗಳ ಬಹುಭಾಗ ಎರಡು ಪಂಗಡವಾಗಿ ನಿಲ್ಲುತ್ತದೆ. ಹೊರಗೋಡೆಯ ರಚನೆಯಲ್ಲಿರುವ ಭೇದವೇ ಇದರ ಕಾರಣವೆಂದು ತಿಳಿದದ್ದು ಎಷ್ಟೋ ಕಾಲದ ಮೇಲೆ.

ಇನ್ನೊಂದು ಬಗೆಯ ಪರೀಕ್ಷೆ ಊಟದಲ್ಲೇ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಮೆಕಾಂಕಿ ಒಂದು ಜಾಣತನದ ನೆಲವನ್ನು ಸಿದ್ಧಪಡಿಸಿದ. ಅದರಲ್ಲಿ ಪಿತ್ತದ ಲವಣಗಳಿವೆ; ಕರುಳಿನಲ್ಲಿ ಬಾಳಿ ಅಭ್ಯಾಸವಿಲ್ಲದವು ಅಲ್ಲಿ ತಲೆಯೆತ್ತುವುದಿಲ್ಲ. ಹಾಲಿನ ಸಕ್ಕರೆಯಿದೆ, ಹುಳಿ ಹುಟ್ಟಿದರೆ ಕೆಂಪಾಗುವ ಒಂದು ಬಣ್ಣವಿದೆ. ಕರುಳಿನ ಸಾಧು ನಿವಾಸಿ ಇ. ಕೋಲಿ ಆ ಸಕ್ಕರೆಯನ್ನು ಹುಳಿಸಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ವಿಷಮಶೀತ ಜ್ವರದ ಜೀವಿ ಆ ಸಕ್ಕರೆಯನ್ನು ಮುಟ್ಟುವುದಿಲ್ಲ, ಬಣ್ಣವಿಲ್ಲದೆ ನಿಲ್ಲುತ್ತದೆ. ಗುಲಾಬಿಯ ನಡುವೆ ಬಿಳಿಚಿಕೊಂಡ ಆ ಚುಕ್ಕೆ ಕಂಡಾಗ ಪರೀಕ್ಷಕನ ಸಂಶಯ ಆರಂಭವಾಗುತ್ತದೆ. ಒಂದೇ ತಟ್ಟೆಯಲ್ಲಿ ಕಳೆ ಕೀಳುವುದೂ ಆಯಿತು, ಬೆಳೆಯ ಗುರುತು ಹಿಡಿಯುವುದೂ ಆಯಿತು.

ಇಲ್ಲಿಗೆ ಈ ವಿದ್ಯೆಯ ಹೃದಯವನ್ನು ಮುಟ್ಟಿದೆವೆಂದು ನನ್ನ ಭಾವನೆ. ಪ್ರತಿಯೊಂದು ಮಾಧ್ಯಮವೂ ಒಂದು ಪ್ರಶ್ನೆ. ಇಂಥ ಆಹಾರ, ಇಂಥ ಶಾಖ, ಇಂಥ ಗಾಳಿ ಕೊಟ್ಟಿದ್ದೇನೆ. ನಿಮ್ಮಲ್ಲಿ ಇದನ್ನು ಒಪ್ಪುವವರು ಯಾರು ಎಂದು ಕೇಳುವುದು. ಜಪಾನಿನಿಂದ ಬಂದು ಕಾಕನ ಬಳಿ ಕಲಿಯುತ್ತಿದ್ದ ಕಿತಸಾಟೊ ೧೮೮೯ರಲ್ಲಿ ಧನುರ್ವಾಯುವಿನ ಜೀವಿಯನ್ನು ಹಿಡಿದದ್ದು ಇಂಥ ಪ್ರಶ್ನೆಯಿಂದಲೇ. ಅದು ಎಂದೂ ಒಂಟಿಯಾಗಿ ಸಿಗುತ್ತಿರಲಿಲ್ಲ. ಅದರ ಬೀಜಾಣು ಬಿಸಿಯನ್ನು ತಾಳುತ್ತದೆಯೆಂದು ಕಂಡುಕೊಂಡ ಕಿತಸಾಟೊ, ಮಿಶ್ರ ಬೆಳೆಯನ್ನೇ ೮೦ ಡಿಗ್ರಿಗೆ ಕಾಯಿಸಿ ಜೊತೆಯವರನ್ನೆಲ್ಲ ಕೊಂದ. ಉಳಿದದ್ದನ್ನು ಆಮ್ಲಜನಕವಿಲ್ಲದೆ ಹೈಡ್ರೋಜನ್ ಅನಿಲದಲ್ಲಿ ಬೆಳೆಸಿದ. ಎಲ್ಲರಿಗೂ ಪ್ರಾಣವಾದ ಗಾಳಿಯೇ ಆ ಜೀವಿಗೆ ವಿಷ. ಪ್ರಶ್ನೆಯನ್ನು ಅದಕ್ಕೆ ತಕ್ಕಂತೆ ಕೇಳಿದಾಗ ಉತ್ತರ ಬಂತು.

ಈ ಧನುರ್ವಾಯುವಿನ ಜೀವಿಯೇ ಮುಂದೆ ನಮ್ಮ ದೇಶದಲ್ಲಿ ಒಬ್ಬ ದೊಡ್ಡ ವಿಜ್ಞಾನಿಯ ಬಾಳನ್ನು ಅಲುಗಿಸಿತು. ೧೮೯೬ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಸರ್ಕಾರ ವಾಲ್ಡೆಮಾರ್ ಹಾಫ್ಕಿನ್ ಎಂಬಾತನನ್ನು ಅಲ್ಲಿಗೆ ಕರೆಸಿತು. ಒಡೆಸ್ಸಾದಲ್ಲಿ ಹುಟ್ಟಿದ ಯೆಹೂದಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದವನು. ೧೮೯೩ರಿಂದ ಭಾರತದಲ್ಲಿ ಕಾಲರಾ ಚುಚ್ಚುಮದ್ದನ್ನು ಹಾಕುತ್ತಿದ್ದವನು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆಯಲ್ಲಿ ಅವನು ಪ್ಲೇಗಿನ ಜೀವಿಯನ್ನು ಸಾರಿನಲ್ಲಿ ಬೆಳೆಸಲು ತೊಡಗಿದ. ಆ ಸಾರಿನ ಮೇಲೆ ಅವನು ತೇಲಿಬಿಟ್ಟದ್ದು ತುಪ್ಪದ ಹನಿಗಳನ್ನು! ಪ್ಲೇಗಿನ ಜೀವಿ ಆ ತುಪ್ಪದ ತಳಕ್ಕೆ ಅಂಟಿಕೊಂಡು, ಗುಹೆಯ ಮಾಡಿನಿಂದ ಸುಣ್ಣದ ಕೋಲುಗಳು ಇಳಿಯುವಂತೆ, ಬಿಳಿಯ ಎಳೆಗಳಾಗಿ ಕೆಳಕ್ಕೆ ಇಳಿಯುತ್ತದೆ. ಪಾತ್ರೆಯನ್ನು ಸ್ವಲ್ಪ ಅಲುಗಿಸಿದರೂ ಎಳೆಗಳು ಕಳಚಿ ಬೀಳುತ್ತವೆ. ಈ ತೋರಣವೇ ಪ್ಲೇಗಿನ ಜೀವಿಯ ಗುರುತು. ಹಾಗೆ ಬೆಳೆದದ್ದನ್ನು ಬಿಸಿಯಿಂದ ಕೊಂದು ಲಸಿಕೆ ಮಾಡಿ, ೧೮೯೭ರ ಜನವರಿ ೧೦ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಮರುವರ್ಷ ಪ್ಲೇಗ್ ಹುಬ್ಬಳ್ಳಿಗೂ ಬೆಂಗಳೂರಿಗೂ ಬಂತು. ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಆ ಲಸಿಕೆ ಹಾಕಿಸಿಕೊಂಡರು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಅಗಲವಾದ ರಸ್ತೆಗಳು ಆ ಪ್ಲೇಗಿನ ಭಯದ ನೆನಪನ್ನು ಇಂದಿಗೂ ಹೊತ್ತಿವೆ.

೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ೧೦೭ ಜನರಿಗೆ ಈ ಲಸಿಕೆ ಹಾಕಿದರು. ಅವರಲ್ಲಿ ೧೯ ಜನ ಧನುರ್ವಾಯುವಿನಿಂದ ಸತ್ತರು. ಆ ಹತ್ತೊಂಬತ್ತು ಜನರಿಗೂ ಮದ್ದು ಹೋದದ್ದು ಒಂದೇ ಬಾಟಲಿಯಿಂದ. ಉಳಿದ ಬಾಟಲಿಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ಬಾಟಲಿ ಮುಂಬಯಿಯಲ್ಲೇ ಕೆಟ್ಟಿತ್ತೆಂದು ವಿಚಾರಣಾ ಮಂಡಲಿ ತೀರ್ಮಾನಿಸಿತು. ಹಾಫ್ಕಿನ್ನನಿಗೆ ಕೆಲಸ ಹೋಯಿತು. ಆದರೆ ಅದೇ ವಿಚಾರಣೆಯ ದಾಖಲೆಗಳಲ್ಲಿ ಎರಡು ಸಂಗತಿಗಳಿದ್ದವು. ಬಾಟಲಿಯ ಬಿರಡೆ ತೆಗೆಯುವ ಚಿಮಟ ಆ ದಿನ ನೆಲಕ್ಕೆ ಬಿದ್ದಿತ್ತು. ಅದನ್ನು ಸುಡದೆ, ಔಷಧಿಯ ನೀರಿನಲ್ಲಿ ಅಲುಬಿ ಬಳಸಿದ್ದರು. ಧನುರ್ವಾಯುವಿನ ಬೀಜಾಣು ಇರುವುದೇ ಮಣ್ಣಿನಲ್ಲಿ. ಎರಡನೆಯದು, ಆ ಜೀವಿ ಬಾಟಲಿಯೊಳಗೆ ವಾರಗಟ್ಟಲೆ ಬೆಳೆದಿದ್ದರೆ ಮುಚ್ಚಳ ತೆಗೆದ ಕೂಡಲೇ ತಡೆಯಲಾರದ ದುರ್ಗಂಧ ಬರಬೇಕಿತ್ತು. ಬಾಟಲಿ ತೆರೆದ ವೈದ್ಯನಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಮಲೇರಿಯಾದ ಗುಟ್ಟನ್ನು ಒಡೆದ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪತ್ರಿಕೆಯಲ್ಲಿ ಬರೆದು ಹೋರಾಡಿದ ಮೇಲೆ ೧೯೦೭ರಲ್ಲಿ ಹಾಫ್ಕಿನ್ ನಿರಪರಾಧಿಯೆಂದು ಒಪ್ಪಿದರು. ಅವನು ದುಡಿದ ಮುಂಬಯಿಯ ಪ್ರಯೋಗಶಾಲೆಗೆ ೧೯೨೫ರಲ್ಲಿ ಅವನ ಹೆಸರನ್ನೇ ಇಟ್ಟರು. ತಂತಿಯನ್ನು ಪ್ರತಿ ಬಾರಿಯೂ ಏಕೆ ಸುಡಬೇಕು, ನಿನ್ನೆ ಸುಟ್ಟದ್ದು ಸಾಲದೇ ಎಂದು ಬೇಸರಪಡುವ ವಿದ್ಯಾರ್ಥಿಗಳಿಗೆ ನಾನು ಈ ಚಿಮಟದ ಕಥೆಯನ್ನು ಹೇಳುತ್ತಿದ್ದೆ. ಒಂದು ಕ್ಷಣದ ಉದಾಸೀನಕ್ಕೆ ಹತ್ತೊಂಬತ್ತು ಜೀವ ತೆತ್ತ ಹಳ್ಳಿ ಅದು.

ಬೇಡದ್ದು ಬೆಳೆಯುವುದು ಒಂದು ಅಪಾಯ. ಬೇಕಾದದ್ದು ಬೆಳೆಯದಿರುವುದು ಇನ್ನೊಂದು. ನನಗೆ ಅದೇ ಹೆಚ್ಚು ಗಂಭೀರವಾಗಿ ತೋರುತ್ತದೆ. ಏಕೆಂದರೆ ಅದು ಸದ್ದು ಮಾಡುವುದಿಲ್ಲ.

ಕ್ಷಯದ ಜೀವಿಯನ್ನೇ ನೋಡಿ. ಯುರೋಪಿನಲ್ಲಿ ಏಳು ಸಾವುಗಳಲ್ಲಿ ಒಂದಕ್ಕೆ ಕ್ಷಯವೇ ಕಾರಣವೆನ್ನುತ್ತಿದ್ದ ಕಾಲ ಅದು. ಆ ಜೀವಿ ಎರಡಾಗುವುದಕ್ಕೆ ೧೫ರಿಂದ ೨೦ ಗಂಟೆ ಬೇಕು. ಕಾಕ್ ಅದನ್ನು ಹೆಪ್ಪುಗಟ್ಟಿಸಿದ ರಕ್ತದ ರಸಿಕೆಯ ಮೇಲೆ ಬಿತ್ತಿದಾಗ ಮೊದಲ ವಾರ ಏನೂ ಕಾಣಲಿಲ್ಲ. ಬೇರೆ ಯಾರಾದರೂ ಕೊಳವೆಗಳನ್ನು ಎಸೆದುಬಿಡುತ್ತಿದ್ದರು. ಕಾಕ್ ಕಾದ. ಎರಡನೆಯ ವಾರದಲ್ಲಿ ಒಣಗಿದ ಹುಡಿಯಂಥ ಚುಕ್ಕೆಗಳು ಮೂಡಿದವು. ೧೮೮೨ರ ಮಾರ್ಚ್ ೨೪ರಂದು ಬರ್ಲಿನ್ನಿನಲ್ಲಿ ಅವನು ಓದಿದ ಪ್ರಬಂಧಕ್ಕೆ ಆ ತಾಳ್ಮೆಯೇ ತಳಹದಿ. ಇಂದು ನಾವು ಕ್ಷಯದ ಜೀವಿಯನ್ನು ಬೆಳೆಸುವ ಗಟ್ಟಿ ಮಾಧ್ಯಮದಲ್ಲಿ ಕೋಳಿಮೊಟ್ಟೆ, ಗ್ಲಿಸರಿನ್ನುಗಳಿವೆ. ಕಳೆಯನ್ನು ಅಡಗಿಸುವ ಹಸಿರು ಬಣ್ಣವೊಂದಿದೆ. ಅದರ ಮೇಲೆ ಕೆನೆ ಬಣ್ಣದ, ಹೂಕೋಸಿನಂತೆ ಒರಟಾದ ಬೆಳೆ ಬರಲು ಮೂರರಿಂದ ಎಂಟು ವಾರ ಬೇಕು. ದ್ರವ ಮಾಧ್ಯಮಗಳೂ ಜೀನ್ ಪರೀಕ್ಷೆಗಳೂ ಬಂದು ಈ ಅವಧಿಯನ್ನು ಬಹಳ ಕಡಿಮೆ ಮಾಡಿವೆ. ಆದರೂ ಯಾವ ಔಷಧಿಗೆ ಆ ಜೀವಿ ಬಗ್ಗುತ್ತದೆಯೆಂದು ಪೂರ್ತಿ ತಿಳಿಯಬೇಕಾದರೆ ಅದನ್ನು ಬೆಳೆಸಿಯೇ ನೋಡಬೇಕು.

ಕುಷ್ಠದ ಜೀವಿಯ ಕಥೆ ಇನ್ನೂ ವಿಚಿತ್ರ. ನಾರ್ವೆಯ ಹ್ಯಾನ್ಸನ್ ೧೮೭೩ರಲ್ಲೇ, ಕಾಕನ ಕ್ಷಯಕ್ಕಿಂತ ಒಂಬತ್ತು ವರ್ಷ ಮೊದಲೇ, ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಅಂದಿನಿಂದ ಇಂದಿನವರೆಗೆ ಅದನ್ನು ಯಾವ ತಟ್ಟೆಯಲ್ಲಿಯೂ, ಯಾವ ಕೊಳವೆಯಲ್ಲಿಯೂ ಬೆಳೆಸಲು ಸಾಧ್ಯವಾಗಿಲ್ಲ. ೧೯೬೦ರಲ್ಲಿ ಇಲಿಯ ಅಂಗಾಲಿನಲ್ಲಿ, ೧೯೭೧ರಲ್ಲಿ ಅಮೆರಿಕದ ಆರ್ಮಡಿಲೊ ಎಂಬ ಚಿಪ್ಪಿನ ಪ್ರಾಣಿಯ ಮೈಯಲ್ಲಿ ಬೆಳೆಸಿದ್ದೇ ದೊಡ್ಡ ಸಾಧನೆಯಾಯಿತು. ಸಾವಿರಾರು ವರ್ಷ ಮನುಷ್ಯನನ್ನು ಕಾಡಿದ ಜೀವಿ ಮನುಷ್ಯನು ಬಡಿಸಿದ್ದನ್ನು ಮಾತ್ರ ಒಲ್ಲೆನೆನ್ನುತ್ತದೆ.

ತಾಳ್ಮೆ ತಾನಾಗಿ ಬರದಿದ್ದಾಗ ರಜೆಯಾದರೂ ನೆರವಾಗಬಹುದು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರಿಬ್ಬರು ಜಠರದ ಒಳಪೊರೆಯಲ್ಲಿ ಸುರುಳಿಯಾಕಾರದ ಜೀವಿಗಳನ್ನು ಕಂಡಿದ್ದರು. ಜಠರದ ಆಮ್ಲದಲ್ಲಿ ಯಾವುದೂ ಬದುಕದೆಂದು ಅಂದಿನ ವೈದ್ಯಶಾಸ್ತ್ರದ ನಂಬಿಕೆ. ಮೂವತ್ತಕ್ಕೂ ಹೆಚ್ಚು ರೋಗಿಗಳ ಮಾದರಿಗಳನ್ನು ಬಿತ್ತಿದರೂ ಬೆಳೆ ಬರಲಿಲ್ಲ. ಎರಡು ದಿನ ನೋಡಿ, ಏನೂ ಇಲ್ಲವೆಂದರೆ ತಟ್ಟೆಗಳನ್ನು ಎಸೆಯುವುದು ಪ್ರಯೋಗಶಾಲೆಯ ರೂಢಿ. ೧೯೮೨ರ ಈಸ್ಟರ್ ಹಬ್ಬದ ರಜೆಯಲ್ಲಿ ಎಸೆಯುವವರಿರಲಿಲ್ಲ. ತಟ್ಟೆಗಳು ಐದು ದಿನ ಪೆಟ್ಟಿಗೆಯಲ್ಲೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಬೆಳೆ ಬಂದಿತ್ತು! ಹೊಟ್ಟೆಯ ಹುಣ್ಣಿಗೆ ಚಿಂತೆ, ಖಾರ, ಸ್ವಭಾವಗಳನ್ನು ದೂರುತ್ತಿದ್ದ ಕಾಲ ಅಲ್ಲಿಂದ ಹಿಂದೆ ಸರಿಯತೊಡಗಿತು. ೨೦೦೫ರಲ್ಲಿ ಅವರಿಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಅದಕ್ಕೆ ಮುನ್ನ ಎಸೆದ ತಟ್ಟೆಗಳಲ್ಲೂ ಆ ಜೀವಿ ಇದ್ದಿರಲೇಬೇಕು. ಅವಕ್ಕೆ ಇನ್ನೂ ಮೂರು ದಿನ ಬೇಕಾಗಿತ್ತು, ಇಷ್ಟೇ.

ನಮ್ಮ ಹೊಲಕ್ಕೆ ಬಾರದ ಜೀವಿಗಳು ಒಂದೆರಡಲ್ಲ. ಒಂದು ಚಿಟಿಕೆ ಮಣ್ಣನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಬರುವ ಲೆಕ್ಕಕ್ಕೂ, ಅದೇ ಮಣ್ಣನ್ನು ತಟ್ಟೆಯಲ್ಲಿ ಬಿತ್ತಿದಾಗ ಏಳುವ ಚುಕ್ಕೆಗಳ ಲೆಕ್ಕಕ್ಕೂ ಅಜಗಜಾಂತರ. ೧೯೮೫ರಲ್ಲಿ ಸ್ಟೇಲಿ ಮತ್ತು ಕೊನೊಪ್ಕ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಈ ಅಂತರಕ್ಕೆ ಒಂದು ಹೆಸರನ್ನೇ ಇಟ್ಟು ಚರ್ಚಿಸಿದರು. ಮಣ್ಣಿನಲ್ಲಿ ನೂರು ಜೀವಿಗಳಿದ್ದರೆ ಸಾಮಾನ್ಯ ತಟ್ಟೆಯ ಮೇಲೆ ಏಳುವುದು ಹೆಚ್ಚೆಂದರೆ ಒಂದು ಎನ್ನುವುದು ವಾಡಿಕೆಯ ಅಂದಾಜು. ಉಳಿದ ತೊಂಬತ್ತೊಂಬತ್ತಕ್ಕೆ ನೆರೆಯವರ ಸಂಗ ಬೇಕೋ, ನಾವು ಕೊಟ್ಟ ಊಟ ಅತಿಯಾಯಿತೋ, ಅಥವಾ ನಾವು ಕಾಯುವ ಕಾಲ ಸಾಲದೋ - ಒಂದೊಂದರದು ಒಂದೊಂದು ಕಾರಣ. ಮಣ್ಣಿನ ಜೀವಿಯೊಂದರಿಂದ ೧೯೪೩ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತು ಕ್ಷಯಕ್ಕೆ ಮೊದಲ ಮದ್ದಾಯಿತು. ಅದು ತಟ್ಟೆಗೆ ಬಂದ ಒಂದರ ಕೊಡುಗೆ. ಬಾರದ ತೊಂಬತ್ತೊಂಬತ್ತರಲ್ಲಿ ಏನೇನಿದೆಯೋ! ಇತ್ತೀಚೆಗೆ ಅಮೆರಿಕದ ಕೆಲವರು ಒಂದು ಸರಳ ಉಪಾಯ ಮಾಡಿದರು. ಜೀವಿಯನ್ನು ತಟ್ಟೆಗೆ ಕರೆತರುವ ಬದಲು, ಒಂದೊಂದನ್ನೇ ಸಣ್ಣ ರಂಧ್ರಗಳಲ್ಲಿಟ್ಟು, ತೆಳುಪೊರೆ ಹೊದಿಸಿ, ಅದರ ಸ್ವಂತ ಮಣ್ಣಿನಲ್ಲೇ ಹುಗಿದಿಟ್ಟರು. ಆಹಾರ ಒಳಬರುತ್ತದೆ, ಜೀವಿ ಹೊರಹೋಗದು. ಹೀಗೆ ಬೆಳೆದ ಜೀವಿಯೊಂದರಿಂದ ಟೀಕ್ಸೊಬ್ಯಾಕ್ಟಿನ್ ಎಂಬ ಹೊಸ ಬಗೆಯ ಪ್ರತಿಜೈವಿಕ ದೊರೆತ ಸುದ್ದಿ ೨೦೧೫ರಲ್ಲಿ ಪ್ರಕಟವಾಯಿತು. ಕಾಡಿನ ಗಿಡವನ್ನು ಹೊಲಕ್ಕೆ ತರಲಾಗದಿದ್ದರೆ ಹೊಲವನ್ನೇ ಕಾಡಿಗೆ ಒಯ್ಯುವ ಜಾಣತನ ಇದು.

ಈಗ ಬೆಳೆಯನ್ನು ಗುರುತಿಸುವ ಯಂತ್ರಗಳು ಬಂದಿವೆ. ಚುಕ್ಕೆಯ ಒಂದು ಕಣವನ್ನು ಒಳಗಿಟ್ಟರೆ ಪ್ರೋಟೀನುಗಳ ತೂಕ ನೋಡಿ ನಿಮಿಷಗಳಲ್ಲಿ ಹೆಸರು ಹೇಳುತ್ತವೆ. ಸಂತೋಷದ ಸಂಗತಿಯೇ. ಆದರೆ ಆ ಯಂತ್ರಕ್ಕೂ ಸಾಮಾನ್ಯವಾಗಿ ಮೊದಲು ಒಂದು ಚುಕ್ಕೆ ಬೇಕು. ಹೆಸರು ತಿಳಿದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಯಾವ ಮದ್ದಿಗೆ ಬಗ್ಗುತ್ತದೆ? ಅದಕ್ಕೆ ೧೯೬೬ರಿಂದ ಒಂದು ಕ್ರಮಬದ್ಧ ವಿಧಾನವಿದೆ. ಜೀವಿಯನ್ನು ತಟ್ಟೆಯ ತುಂಬ ಬಿತ್ತಿ, ಬೇರೆ ಬೇರೆ ಮದ್ದುಗಳಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಮೇಲಿಡುತ್ತಾರೆ. ಮರುದಿನ ಬೆಳಗ್ಗೆ, ಕೆಲಸ ಮಾಡುವ ಮದ್ದಿನ ಸುತ್ತ ಬೆಳೆಯಿಲ್ಲದ ತಿಳಿಯಾದ ವೃತ್ತ ಬಿದ್ದಿರುತ್ತದೆ. ಹಿಂದೆ ತಟ್ಟೆಯ ಮ್ಯಾಲೆಲ್ಲ ಅಂಥ ವೃತ್ತಗಳಿರುತ್ತಿದ್ದವು. ನನ್ನ ಸೇವೆಯ ವರ್ಷಗಳು ಕಳೆದಂತೆ ಆ ವೃತ್ತಗಳು ಕಿರಿದಾಗುತ್ತ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ತಟ್ಟೆಗಳಲ್ಲಿ ಬಿಲ್ಲೆಯ ಅಂಚಿನವರೆಗೂ ಬೆಳೆ ಒತ್ತಿ ನಿಂತಿರುತ್ತದೆ. ಅಂಥ ತಟ್ಟೆಯನ್ನು ಕೈಯಲ್ಲಿ ಹಿಡಿದಾಗ, ಇದರ ಆಚೆ ಒಂದು ಹಾಸಿಗೆಯಿದೆ, ಹಾಸಿಗೆಯ ಪಕ್ಕ ಕಾಯುತ್ತಿರುವವರಿದ್ದಾರೆ ಎಂಬ ನೆನಪು ಬಾರದಿರದು.

ಇದರಲ್ಲಿ ನಮ್ಮ ಪಾಲೂ ಇದೆ. ಜ್ವರ ಬಂದ ಕೂಡಲೇ ಅಂಗಡಿಯಿಂದ ಪ್ರತಿಜೈವಿಕದ ಎರಡು ಗುಳಿಗೆ ನುಂಗಿ, ಇಳಿಯಲಿಲ್ಲವೆಂದು ಮೂರನೆಯ ದಿನ ರಕ್ತ ಪರೀಕ್ಷೆಗೆ ಬರುವವರು ಬಹಳ. ಆ ಎರಡು ಗುಳಿಗೆ ರೋಗವನ್ನು ಕೊಲ್ಲುವುದಿಲ್ಲ. ತಟ್ಟೆಯ ಮೇಲಿನ ಬೆಳೆಯನ್ನು ಮಾತ್ರ ಅಡಗಿಸುತ್ತವೆ. ವರದಿಯಲ್ಲಿ "ಬೆಳವಣಿಗೆ ಕಂಡುಬರಲಿಲ್ಲ" ಎಂಬ ಸಾಲು ಬರುತ್ತದೆ. ರೋಗಿಯ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಜ್ವರ ಬಿಡುವುದಿಲ್ಲ.

ಆ ಸಾಲನ್ನು ಓದಬೇಕಾದ ಬಗೆ ಬೇರೆ. ಈ ಆಹಾರದಲ್ಲಿ, ಈ ಶಾಖದಲ್ಲಿ, ಇಷ್ಟು ದಿನಗಳಲ್ಲಿ, ಇಷ್ಟು ಮದ್ದು ತೆಗೆದುಕೊಂಡ ಮೈಯ ರಕ್ತದಿಂದ ಬೆಳೆ ಬರಲಿಲ್ಲ ಎಂದಷ್ಟೇ ಅದರ ಅರ್ಥ. ಇಲ್ಲವೆಂದಲ್ಲ. ನಮ್ಮ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂದು. ನೂರೈವತ್ತು ವರ್ಷಗಳ ಈ ಬೇಸಾಯ ಮನುಷ್ಯನಿಗೆ ಕಲಿಸಿದ ವಿನಯ ಇದೆಂದು ನಾನು ತಿಳಿದಿದ್ದೇನೆ. ಕೇಳುಗರಲ್ಲಿ ನನ್ನ ಬಿನ್ನಹ ಇಷ್ಟೇ. ವೈದ್ಯರು ಪರೀಕ್ಷೆಗೆ ಬರೆದುಕೊಟ್ಟಾಗ ಮದ್ದಿನ ಮೊದಲ ಗುಳಿಗೆಗೆ ಮುನ್ನ ಮಾದರಿಯನ್ನು ಕೊಡಿ. ಆಗಲೇ ಯಾವುದಾದರೂ ಮದ್ದು ತೆಗೆದುಕೊಂಡಿದ್ದರೆ ಮುಚ್ಚಿಡದೆ ಹೇಳಿ. ಎರಡು ದಿನ ಕಾಯಿರಿ ಎಂದರೆ ಕಾಯಿರಿ. ತೀರ ಕೆಟ್ಟ ಸ್ಥಿತಿಯಲ್ಲಿರುವ ರೋಗಿಗೆ ವೈದ್ಯರು ವರದಿಯನ್ನು ಕಾಯದೆ ಚಿಕಿತ್ಸೆ ಆರಂಭಿಸುತ್ತಾರೆ. ಅದು ಅವರ ವಿವೇಚನೆಗೆ ಬಿಟ್ಟದ್ದು. ಉಳಿದವರ ಪಾಲಿಗೆ, ಆ ಬೆಚ್ಚನೆಯ ಪೆಟ್ಟಿಗೆಯ ಕತ್ತಲಲ್ಲಿ ಒಂದು ಎರಡಾಗಿ, ಎರಡು ನಾಲ್ಕಾಗಿ ಬರುತ್ತಿರುವ ಉತ್ತರ ಕಾಯುವುದಕ್ಕೆ ಯೋಗ್ಯವಾದದ್ದು.